ಕರ್ನಲಿನ ತೂಬಿಗೊಬ್ಬ ನೀರುಗಂಟಿ

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಂತಹ ಬಯಲುಸೀಮೆಯ ಊರುಗಳಲ್ಲಿ ಕೆರೆಯ ನೀರನ್ನು ಗದ್ದೆಗೆ ಬಿಡುವ ಹೊಣೆಯನ್ನು ಹಿಂದಿನ ಕಾಲದಿಂದಲೂ ನೀರುಗಂಟಿಗೆ ವಹಿಸುತ್ತಿದ್ದುದು ವಾಚಕರಿಗೆ ತಿಳಿದ ಸಂಗತಿಯೇ. ತೂಬನ್ನು ಎಷ್ಟು ಎತ್ತಬೇಕು, ಎಷ್ಟು ಹೊತ್ತು ನೀರು ಬಿಡಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಬಲ್ಲವನು ಅವನು. ರೈತನು ತನ್ನ ಸರದಿಯನ್ನು ಕೇಳಿದರೆ ಸಾಕು; ತೂಬಿನ ಒಳಗುಟ್ಟನ್ನು ಅರಿಯಬೇಕಾದುದಿಲ್ಲ. ಅಪಾಯವುಳ್ಳ ಕೆಲಸವನ್ನು ಅದರ ನಿಯಮವನ್ನು ಬಲ್ಲ ಒಂದು ಕೈಗೆ ಒಪ್ಪಿಸಿ, ಉಳಿದವರನ್ನು ನಿಶ್ಚಿಂತರನ್ನಾಗಿ ಮಾಡುವ ಇಂತಹುದೇ ಏರ್ಪಾಡು ಕಂಪ್ಯೂಟರಿನ ಒಳಗೂ ಉಂಟು. ಅದನ್ನು ನಾವು ಈ ಲೇಖನದಲ್ಲಿ ‘ಸುರಕ್ಷಿತ ಹೊದಿಕೆ’ ಎಂದು ಕರೆಯೋಣ.

ಕರ್ನಲ್ ಮತ್ತು ಅದರ ಕರೆಗಳು

ಕಂಪ್ಯೂಟರಿನ ಸ್ಮೃತಿ, ಡಿಸ್ಕು, ಜಾಲ ಮೊದಲಾದ ಸಂಪತ್ತನ್ನೆಲ್ಲ ಆಳುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು. 1991ರಲ್ಲಿ ಹೊರಬಂದ ಲಿನಕ್ಸ್ ಇಂತಹ ಒಂದು ಕರ್ನಲ್. ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದೂ ಅದೇ. ಸಂಸ್ಕಾರಕವು ಕರ್ನಲಿಗೆ ಸಂಪೂರ್ಣ ಅಧಿಕಾರವನ್ನೂ, ನಾವು ಬರೆಯುವ ಪ್ರೋಗ್ರಾಮುಗಳಿಗೆ ಮಿತವಾದ ಅಧಿಕಾರವನ್ನೂ ಕೊಡುತ್ತದೆ. ಆದುದರಿಂದ ಒಂದು ಕಡತವನ್ನು ಓದಬೇಕಾದರೂ ನಮ್ಮ ಪ್ರೋಗ್ರಾಮು ಕರ್ನಲನ್ನು ಬೇಡಿಕೊಳ್ಳಬೇಕು. ಈ ಬೇಡಿಕೆಗೆ ಸಿಸ್ಟಂ ಕಾಲ್ ಎನ್ನುವರು. ಲಿನಕ್ಸಿನಲ್ಲಿ ಇಂತಹ ಕರೆಗಳು 300ಕ್ಕೂ ಹೆಚ್ಚಿವೆ.

ಈ ಕರೆಗಳ ಭಾಷೆ ಬಹಳ ಒರಟು. ಕೊಡುವುದೂ ಪಡೆಯುವುದೂ ಬರಿಯ ಸಂಖ್ಯೆಗಳು. ಓಪನ್ ಎಂಬ ಕರೆಯಿಂದ ಕಡತವೊಂದನ್ನು ತೆರೆದರೆ ಕರ್ನಲ್ ಒಂದು ಪುಟ್ಟ ಪೂರ್ಣಾಂಕವನ್ನು ಕೊಡುತ್ತದೆ. ಮುಂದೆ ಓದಲು, ಬರೆಯಲು, ಮುಚ್ಚಲು ಆ ಅಂಕವೇ ಗುರುತು. ಪ್ರೋಗ್ರಾಮು ಹುಟ್ಟುವಾಗಲೇ 0, 1 ಮತ್ತು 2 ಎಂಬ ಗುರುತುಗಳು ಸಾಮಾನ್ಯವಾಗಿ ಬಳಕೆಯಲ್ಲಿರುತ್ತವೆ. ಆದುದರಿಂದ ನಾವು ತೆರೆಯುವ ಮೊದಲ ಕಡತಕ್ಕೆ ಸಿಕ್ಕುವುದು 3. ಖಾಲಿ ಇರುವ ಅಂಕಗಳಲ್ಲಿ ಅತಿ ಚಿಕ್ಕದನ್ನೇ ಕೊಡತಕ್ಕದ್ದು ಎಂಬುದು ಕರ್ನಲಿನ ನಿಯಮ. ನಿರಪಾಯವೆಂದು ತೋರುವ ಈ ನಿಯಮದಲ್ಲಿಯೇ ಕೇಡಿನ ಬೀಜವಿದೆ.

ಒಂದೇ ಅಂಕ, ಎರಡು ಕಡತ

ಒಂದು ಹಾಲು ಸಹಕಾರ ಸಂಘದ ಲೆಕ್ಕದ ಪ್ರೋಗ್ರಾಮನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ಏಕಕಾಲದಲ್ಲಿ ಓಡುವ ಎರಡು ಭಾಗಗಳಿವೆ. ಮೊದಲನೆಯದು ದಿನಚರಿಯ ಕಡತವನ್ನು ತೆರೆಯಿತು. ಅದಕ್ಕೆ 3 ಸಿಕ್ಕಿತು. ಕೆಲಸ ಮುಗಿಸಿ ಅದನ್ನು ಮುಚ್ಚಿತು. 3 ಈಗ ಖಾಲಿ. ಆಗ ಎರಡನೆಯ ಭಾಗವು ಸದಸ್ಯರ ಹಣದ ಲೆಕ್ಕವನ್ನು ತೆರೆಯಿತು. ಅದಕ್ಕೂ 3 ಸಿಕ್ಕಿತು. ಮೊದಲನೆಯ ಭಾಗದಲ್ಲಿ ಹಳೆಯ 3 ಇನ್ನೂ ನೆನಪಿನಲ್ಲಿ ಉಳಿದಿದ್ದು, ಅದು ‘ಕೆಲಸ ಮುಗಿಯಿತು’ ಎಂಬ ಸಾಲನ್ನು 3ಕ್ಕೆ ಬರೆಯಿತೆನ್ನೋಣ. ಆ ಸಾಲು ಹೋಗಿ ಬೀಳುವುದು ಹಣದ ಲೆಕ್ಕದ ನಡುವೆ! ಕರ್ನಲಿನ ದೃಷ್ಟಿಯಲ್ಲಿ ಯಾವ ತಪ್ಪೂ ನಡೆದಿಲ್ಲ. 3 ತೆರೆದಿದೆ, ಬರೆಯಲು ಅನುಮತಿಯಿದೆ, ಬರೆದದ್ದಾಯಿತು. ಎಚ್ಚರಿಕೆಯ ಸೊಲ್ಲೇ ಇಲ್ಲದೆ ಲೆಕ್ಕ ಕೆಟ್ಟಿತು.

ಇನ್ನೊಂದು ಸೂಕ್ಷ್ಮವುಂಟು. ರೀಡ್ ಎಂಬ ಓದುವ ಕರೆಯು ಒಮ್ಮೊಮ್ಮೆ ಏನನ್ನೂ ಓದುವ ಮೊದಲೇ ಒಂದು ಸಂಕೇತದಿಂದ ತಡೆಯಲ್ಪಟ್ಟು, ‘ನಡುವೆ ಅಡ್ಡಿಯಾಯಿತು’ ಎಂಬ ದೋಷದೊಡನೆ ಹಿಂದಿರುಗುತ್ತದೆ. ಆಗ ಮತ್ತೆ ಪ್ರಯತ್ನಿಸುವುದು ಸರಿಯಾದ ಕ್ರಮ. ಮುಚ್ಚುವ ಕರೆಯಾದ ಕ್ಲೋಸ್ ಸಹ ಇದೇ ದೋಷವನ್ನು ತಿಳಿಸಬಹುದು. ಅಲ್ಲಿಯೂ ಮರಳಿ ಯತ್ನಿಸಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಲಿನಕ್ಸಿನಲ್ಲಿ ಕ್ಲೋಸ್ ಈ ದೋಷವನ್ನು ತಿಳಿಸುವ ವೇಳೆಗೆ ಅಂಕವು ಆಗಲೇ ಬಿಡುಗಡೆಯಾಗಿರುತ್ತದೆ. ಅಷ್ಟರಲ್ಲಿ ಬೇರೊಂದು ಭಾಗವು ಅದೇ ಅಂಕವನ್ನು ಪಡೆದಿದ್ದರೆ, ನಮ್ಮ ಎರಡನೆಯ ಯತ್ನವು ಅದರ ಕಡತವನ್ನು ಮುಚ್ಚಿಬಿಡುತ್ತದೆ. ಒಂದು ಕಡೆ ಸದ್ಗುಣವಾದುದು ಇನ್ನೊಂದು ಕಡೆ ದೋಷವಾಯಿತಷ್ಟೆ!

ಹೊದಿಕೆಯ ರಚನೆ

ಇಂತಹ ನೂರಾರು ನಿಯಮಗಳನ್ನು ಪ್ರತಿಯೊಬ್ಬ ಪ್ರೋಗ್ರಾಮುಕಾರನೂ ಪ್ರತಿಯೊಂದು ಸಾಲಿನಲ್ಲಿಯೂ ನೆನಪಿಡಬೇಕೆಂದು ಅಪೇಕ್ಷಿಸುವುದು ಯುಕ್ತವಲ್ಲ. ಆದುದರಿಂದ ಕರ್ನಲನ್ನು ನೇರವಾಗಿ ಮುಟ್ಟುವ ಭಾಗವನ್ನೆಲ್ಲ ಒಂದು ಕಿರಿಯ ಕೋಶದಲ್ಲಿ ಕೂಡಿಸಿ, ಹೊರಗಿನವರಿಗೆ ನಿರಪಾಯವಾದ ಕೆಲವೇ ಕ್ರಿಯೆಗಳನ್ನು ತೋರಿಸಬೇಕು. ಇದೇ ಹೊದಿಕೆ.

ಸಿ ಭಾಷೆಯ ಗ್ರಂಥಾಲಯಗಳಲ್ಲಿಯೂ ಹೊದಿಕೆಗಳಿವೆ. ಆದರೆ ಅಲ್ಲಿ ಅಂಕವು ಬರಿಯ ಅಂಕವಾಗಿಯೇ ಉಳಿಯುವುದರಿಂದ, ಯಾರು ಬೇಕಾದರೂ ಅದನ್ನು ನಕಲು ಮಾಡಿ ಇಟ್ಟುಕೊಳ್ಳಬಹುದು. ‘ಮುಚ್ಚಿದ ಮೇಲೆ ಬಳಸಬೇಡಿ’ ಎಂಬ ನಿಯಮ ಕೈಪಿಡಿಯಲ್ಲಿ ಮಾತ್ರ ಇರುತ್ತದೆ. 2015ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯು ಆ ನಿಯಮವನ್ನು ಕೈಪಿಡಿಯಿಂದ ಕಂಪೈಲರಿಗೆ ವರ್ಗಾಯಿಸಿತು. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಬ್ಬನೇ ಒಡೆಯ. ಒಡೆತನವನ್ನು ಬಿಟ್ಟುಕೊಟ್ಟವನು ಮತ್ತೆ ಆ ವಸ್ತುವನ್ನು ಬಳಸಲು ಹೋದರೆ ಪ್ರೋಗ್ರಾಮು ಓಡುವ ಮಾತಿರಲಿ, ಸಿದ್ಧವಾಗುವುದೇ ಇಲ್ಲ. ಒಡೆಯನ ಅವಧಿ ಮುಗಿದೊಡನೆ ಕಡತವು ತಾನಾಗಿ, ಒಂದೇ ಒಂದು ಸಲ ಮುಚ್ಚಲ್ಪಡುತ್ತದೆ. ಕಡತದ ಅಂಕಕ್ಕೆ ಹೀಗೆ ಒಡೆತನವನ್ನು ಕೊಡುವ ‘ಓನ್ಡ್ ಎಫ್‌ಡಿ’ ಎಂಬ ಹೊದಿಕೆಯು 2022ರ ಆಗಸ್ಟಿನಲ್ಲಿ ರಸ್ಟ್‌ನ ಮೂಲ ಗ್ರಂಥಾಲಯವನ್ನು ಸೇರಿತು. ಮೇಲೆ ಹೇಳಿದ ಹಾಲಿನ ಲೆಕ್ಕದ ಅನಾಹುತ ಅದರ ಸುರಕ್ಷಿತ ಬಳಕೆಯಲ್ಲಿ ಸಂಭವಿಸದು.

ಹೊದಿಕೆಯ ಒಳಗೆ ಮಾತ್ರ ಕಂಪೈಲರ್ ನಮ್ಮನ್ನು ಕಾಯಲಾರದು. ಕರ್ನಲಿನ ನಿಯಮಗಳು ಅದಕ್ಕೆ ತಿಳಿಯವು. ಅಂತಹ ಭಾಗವನ್ನು ‘ಅನ್‌ಸೇಫ್’ ಎಂದು ಗುರುತಿಸಿ ಬರೆಯಬೇಕು. ಅದು ಏಕೆ ಸರಿಯೆಂಬುದಕ್ಕೆ ಪಕ್ಕದಲ್ಲಿ ಕಾರಣವನ್ನೂ ಬರೆಯುವುದು ಒಳ್ಳೆಯ ಪದ್ಧತಿ. ಅಪಾಯವು ಇಲ್ಲವಾಗಲಿಲ್ಲ, ಒಂದೆಡೆ ಸೇರಿತು. ಸಾವಿರಾರು ಸಾಲುಗಳನ್ನು ಶಂಕಿಸುವ ಬದಲು ಹತ್ತಿಪ್ಪತ್ತು ಸಾಲುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದರೆ ಸಾಕಾಗುತ್ತದೆ.

ಕಾಯದೆ ಮುಂದುವರಿಯುವ ಓದು

ಹೊದಿಕೆಯ ನಿಜವಾದ ಪರೀಕ್ಷೆ ಅಸಮಕಾಲಿಕ ಓದಿನಲ್ಲಿ. ಇಲ್ಲಿ ಪ್ರೋಗ್ರಾಮು ಕರ್ನಲಿಗೆ ಸ್ಮೃತಿಯ ಒಂದು ವಿಳಾಸವನ್ನು ಕೊಟ್ಟು, ‘ದತ್ತ ಬಂದಾಗ ಇಲ್ಲಿ ತುಂಬು’ ಎಂದು ಹೇಳಿ ಬೇರೆ ಕೆಲಸಕ್ಕೆ ತೊಡಗುತ್ತದೆ. ಲಿನಕ್ಸಿನಲ್ಲಿ ಈ ಸೌಕರ್ಯವನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಐಬಿಎಂ ಸಂಸ್ಥೆಯಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಒಬ್ಬರು. 2003ರಲ್ಲಿ ಕೆನಡಾದ ಆಟವಾದಲ್ಲಿ ನಡೆದ ಲಿನಕ್ಸ್ ಸಮಾವೇಶಕ್ಕೆ ಅವರು ಸಂಗಡಿಗರೊಡನೆ ಈ ವಿಷಯವಾಗಿ ಪ್ರಬಂಧವನ್ನು ಬರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 2.6ನೆಯ ಆವೃತ್ತಿಯಲ್ಲಿ ಈ ಸೌಕರ್ಯ ದೊರೆಯಿತು. 2019ರಲ್ಲಿ ಐಓ ಯುರಿಂಗ್ ಎಂಬ ಹೊಸ ಏರ್ಪಾಡು ಬಂದಿತು.

ಈಗ ವಾಚಕರು ಯೋಚಿಸಲಿ: ದತ್ತ ಬರುವ ಮೊದಲೇ ಪ್ರೋಗ್ರಾಮು ಆ ಸ್ಮೃತಿಯನ್ನು ಬಿಟ್ಟುಕೊಟ್ಟು, ಆ ಜಾಗದಲ್ಲಿ ಬೇರೇನನ್ನೋ ಇಟ್ಟಿದ್ದರೆ? ಕರ್ನಲ್ ತಾನು ಕೊಟ್ಟ ಮಾತಿನಂತೆ ಅಲ್ಲಿಯೇ ತುಂಬುತ್ತದೆ, ಇದ್ದುದು ಅಳಿಸಿಹೋಗುತ್ತದೆ. ಇಲ್ಲಿ ಸ್ಮೃತಿಯನ್ನು ಎರವಲು ಕೊಟ್ಟರೆ ಸಾಲದು. ಏಕೆಂದರೆ ಎರವಲು ಕೊಟ್ಟವನು ಬೇಡಿಕೆಯನ್ನು ನಡುವೆ ಕೈಬಿಟ್ಟರೂ ಕರ್ನಲ್ ಅದನ್ನು ಕೈಬಿಟ್ಟಿರುವುದಿಲ್ಲ. ಆದುದರಿಂದ ವಿವೇಕಿಯಾದ ಹೊದಿಕೆಯು ಸ್ಮೃತಿಯ ಒಡೆತನವನ್ನೇ ತಾನು ಪಡೆದು, ಕರ್ನಲ್ ‘ಮುಗಿಯಿತು’ ಎಂದ ಮೇಲೆ ಮಾತ್ರ ದತ್ತದೊಡನೆ ಹಿಂದಿರುಗಿಸುತ್ತದೆ.

2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1ರಿಂದ ಕರ್ನಲಿನ ಒಳಭಾಗವನ್ನೂ ರಸ್ಟ್ ಭಾಷೆಯಲ್ಲಿ ಬರೆಯಲು ಆಸ್ಪದವಾಗಿದೆ. ಅಲ್ಲಿಯೂ ಹಳೆಯ ಸಿ ಭಾಷೆಯ ಕರೆಗಳಿಗೆ ಮೊದಲು ಹೊದಿಕೆ, ಆ ಬಳಿಕ ಅದರ ಮೇಲೆ ಉಪಕರಣಗಳ ಪ್ರೋಗ್ರಾಮು ಎಂಬುದೇ ಕ್ರಮ.

ಹೊದಿಕೆಯನ್ನು ಬರೆಯುವವರು ಪ್ರತಿಯೊಂದು ಕರೆಗೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ವಸ್ತುವಿನ ಒಡೆಯನಾರು? ಅದು ಎಲ್ಲಿಯವರೆಗೆ ಬದುಕಿರಬೇಕು? ಕರೆ ವಿಫಲವಾದಾಗ ಏನು ಉಳಿದಿರುತ್ತದೆ? ಲಿನಕ್ಸ್ ಇರುವ ಕಂಪ್ಯೂಟರು ದೊರೆತ ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಬಹುದು. ಕಡತವೊಂದನ್ನು ತೆರೆದು ಸಿಕ್ಕಿದ ಅಂಕವನ್ನು ಮುದ್ರಿಸಿ, ಮುಚ್ಚಿ, ಬೇರೊಂದು ಕಡತವನ್ನು ತೆರೆದು ಮತ್ತೆ ಮುದ್ರಿಸಿರಿ. ಎರಡು ಸಲವೂ ಅದೇ ಅಂಕ ಬಂದುದನ್ನು ಕಣ್ಣಾರೆ ಕಂಡವರಿಗೆ, ಮುಚ್ಚಿದ ಅಂಕವನ್ನು ಮತ್ತೆ ನಂಬಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.