ಹಳೇ ಯೆಜ್ಡಿಗೆ ಬಣ್ಣ ಹೊಂದಿಸುವ ಮುನ್ನ

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ನಿಮ್ಮ ಯೆಜ್ಡಿಯ ಗೀರಿಗೆಂದು ಕಂಪನಿಯ ಬಣ್ಣದ ಡಬ್ಬಿ ಹುಡುಕುತ್ತ ಅಲೆಯಬೇಡಿ. ಸಿಕ್ಕರೂ ಹೊಂದದು, ಬಿಸಿಲು ಕುಡಿದ ಟ್ಯಾಂಕ್ ಈಗ ಬೇರೆಯದೇ ಮರೂನ್. ಮೊದಲು ಗೀರಿನ ಸುತ್ತ ರಬ್ಬಿಂಗ್ ಕಾಂಪೌಂಡ್ ಹಾಕಿ ಹಗುರವಾಗಿ ಉಜ್ಜಿ. ಮಾಸಲು ಪದರ ಹೋದ ಮೇಲೆ ಕಾಣುವುದೇ ನಿಮಗೆ ಬೇಕಾದ ಬಣ್ಣ. ಬಣ್ಣ ಕಲಸುವ ಅಂಗಡಿಗೆ ಮೊಬೈಲ್ ಫೋಟೊ ಒಯ್ಯಬೇಡಿ, ಸೈಡ್ ಡಬ್ಬಿಯ ಮುಚ್ಚಳವನ್ನೇ ಬಿಚ್ಚಿಕೊಂಡು ಹೋಗಿ. ಅಂಗಡಿಯವರು ಗೊಣಗಲಿ, ಪರವಾಗಿಲ್ಲ! ಕಲಸಿದ್ದನ್ನು ತಗಡಿನ ಚೂರಿಗೆ ಬಳಿದು, ಪೂರ್ತಿ ಒಣಗಿದ ಮೇಲೆ ಬಿಸಿಲಿನಲ್ಲಿ ಹೋಲಿಸಿ. ಟ್ಯೂಬ್‌ಲೈಟನ್ನು ನಂಬಬೇಡಿ. ಪೆಟ್ರೋಲ್ ಮುಚ್ಚಳದ ಸುತ್ತ ಮಾತ್ರ ಹಾರ್ಡನರ್ ಬೆರೆಸುವ ಪಿಯು ಬಣ್ಣವೇ ಆಗಬೇಕು. ಸಾದಾ ಬಣ್ಣಕ್ಕೆ ಪೆಟ್ರೋಲ್ ತಾಗಿದರೆ ಮೆತ್ತಗಾಗಿ ಎದ್ದುಬರುತ್ತದೆ.