ಬೆವರು, ತುಕ್ಕು, ನೆಗ್ಗು: ಫೆನ್ಸಿಂಗ್ ಮಾಸ್ಕಿನ ಪಾಲನೆ

ಫೆನ್ಸಿಂಗ್ ಮಾಸ್ಕ್ ಎಂದರೆ ಮುಖ ಕಾಯುವ ಉಕ್ಕಿನ ಜಾಲರಿ, ಕೊರಳು ಕಾಯುವ ಬಿಬ್, ಇವೆರಡನ್ನೂ ತಲೆಗೆ ಬಿಗಿಯಾಗಿ ಕೂರಿಸುವ ಹಿಂಬದಿಯ ಪಟ್ಟಿ. ಒಳಗೆ ಹಣೆ, ಕೆನ್ನೆ, ಗಲ್ಲಕ್ಕೆ ತಾಗುವ ಮೆತ್ತನೆಯ ಲೈನಿಂಗ್ ಇರುತ್ತದೆ. ಅಂತರರಾಷ್ಟ್ರೀಯ ಫೆನ್ಸಿಂಗ್ ಒಕ್ಕೂಟದ ನಿಯಮದಂತೆ ಜಾಲರಿಯ ತಂತಿ ಕನಿಷ್ಠ 1 ಮಿ.ಮೀ. ದಪ್ಪವಿರಬೇಕು, ತಂತಿಗಳ ನಡುವಿನ ಕಂಡಿ 2.1 ಮಿ.ಮೀ. ಮೀರಬಾರದು. ಒಕ್ಕೂಟದ ಮುದ್ರೆಯುಳ್ಳ ಮಾಸ್ಕಿನ ಬಿಬ್ 1600 ನ್ಯೂಟನ್ ದರ್ಜೆಯದು. ಕಲಿಯುವವರ ಕೈಗೆ ಸಾಮಾನ್ಯವಾಗಿ ಸಿಗುವುದು 350 ನ್ಯೂಟನ್ನಿನದು. ಹೊಸದಾಗಿ ಕೊಂಡ ದಿನ ಈ ಅಂಕಿಗಳೆಲ್ಲ ನಿಜ. ಆಮೇಲೂ ಅವು ನಿಜವಾಗಿ ಉಳಿಯುತ್ತವೆಯೇ ಎಂಬುದು ಆಟ ಮುಗಿದ ಮೇಲೆ ಮಾಸ್ಕ್ ಎಲ್ಲಿ ಬಿದ್ದಿರುತ್ತದೆ ಎಂಬುದನ್ನು ಅವಲಂಬಿಸಿದೆ. ಕತ್ತಿಯ ಏಟನ್ನು ತಡೆಯಲೆಂದೇ ಮಾಡಿದ ವಸ್ತು ಅದು. ಜಿಪ್ ಹಾಕಿದ ಬ್ಯಾಗಿನೊಳಗಿನ ಬೆವರನ್ನು ತಡೆಯಲು ಮಾಡಿದ್ದಲ್ಲ.

ಬೆವರಿನ ಉಪ್ಪು ಮೊದಲು ಸೇರುವುದು ಲೈನಿಂಗಿಗೆ, ಅಲ್ಲಿಂದ ಜಾಲರಿಯ ಅಂಚಿಗೆ. ತುಕ್ಕು ಹುಟ್ಟುವುದೂ ಅಲ್ಲೇ, ಬಟ್ಟೆಯ ಅಂಚುಪಟ್ಟಿ ತಂತಿಯನ್ನು ಮುಚ್ಚಿಕೊಂಡಿರುವ ಕಡೆ. ಎದುರಿನಿಂದ ನೋಡಿದರೆ ಜಾಲರಿ ಫಳಫಳ ಎನ್ನುತ್ತಿರುತ್ತದೆ. ಗಲ್ಲದ ಕೆಳಗೆ ಅಂಚನ್ನು ಬೆರಳಿಂದ ಸರಿಸಿದರೆ ಕಂದು ಪುಡಿ ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿಗೆ ಈ ಕಾಟ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹಾಗಾಗಿ ಆಟ ಮುಗಿದೊಡನೆ ಮಾಸ್ಕಿನ ಒಳಭಾಗವನ್ನು ಒಣ ಬಟ್ಟೆಯಿಂದ ಒತ್ತಿ ಒರೆಸಿ, ಮನೆಗೆ ಬಂದ ಮೇಲೆ ಬಿಬ್ ಕೆಳಕ್ಕೆ ಬಿಚ್ಚಿಕೊಂಡಿರುವಂತೆ ಫ್ಯಾನಿನ ಗಾಳಿಗೆ ತೂಗುಹಾಕಬೇಕು. ಕರಾವಳಿಯ ಮಳೆಗಾಲದಲ್ಲಿ ರಾತ್ರಿಯಿಡೀ ತೂಗಿದರೂ ಲೈನಿಂಗ್ ಒದ್ದೆಯಾಗಿಯೇ ಉಳಿಯುವುದುಂಟು. ಕಳಚಬಹುದಾದ ಲೈನಿಂಗ್ ಇರುವ ಮಾಸ್ಕಿಗೆ ಇನ್ನೊಂದು ಜೊತೆ ಲೈನಿಂಗ್ ಕೊಂಡಿಟ್ಟುಕೊಳ್ಳುವುದು ಆಗ ದುಂದುವೆಚ್ಚವಲ್ಲ.

ತೊಳೆಯುವುದರಲ್ಲಿ ಗುಟ್ಟೇನಿಲ್ಲ. ಕಳಚಬರುವ ಲೈನಿಂಗನ್ನು ತಣ್ಣೀರಿನಲ್ಲಿ ಸೌಮ್ಯ ಸೋಪು ಹಾಕಿ ಕೈಯಲ್ಲಿ ಒಗೆಯಬೇಕು. ಲೈನಿಂಗ್ ಹೊಲಿದುಬಿಟ್ಟಿರುವ ಹಳೆಯ ಮಾದರಿಯನ್ನು ಇಡಿಯಾಗಿ ಬಕೆಟ್ಟಿನಲ್ಲಿ ಅದ್ದಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಸೋಪಿನ ನೊರೆ ಪೂರ್ತಿ ಹೋಗುವತನಕ ನಲ್ಲಿ ನೀರು ಬಿಡಬೇಕು. ನೀರಿಗಿಂತ ಹೆಚ್ಚು ಹೆದರಬೇಕಾದದ್ದು ನೀರು ನಿಲ್ಲುವುದಕ್ಕೆ. ಚೆನ್ನಾಗಿ ಕೊಡವಿ, ಅಂಚನ್ನು ಟವೆಲ್ಲಿನಿಂದ ಹಿಂಡಿ, ಆ ಕೂಡಲೇ ಗಾಳಿಗಿಟ್ಟರೆ ತುಕ್ಕಿಗೆ ಎಡೆಯಿರುವುದಿಲ್ಲ. ಬಿಬ್ ಹಳದಿಯಾಯಿತೆಂದು ಬ್ಲೀಚ್ ಹಾಕುವುದು ಮಾತ್ರ ಬೇಡ. ಬಟ್ಟೆ ಬೆಳ್ಳಗಾಗಬಹುದು, ಒಳಗಿನ ನಾರು ಸತ್ವ ಕಳೆದುಕೊಳ್ಳುತ್ತದೆ. ಸುಡುಬಿಸಿಲೂ ಬೇಡ. ಹಳದಿ ಬಿಬ್ ನೋಡಲು ಚೆನ್ನಾಗಿಲ್ಲ, ಅಷ್ಟೆ.

ಫೆನ್ಸಿಂಗಿನ ಒಂದು ಪ್ರಕಾರವಾದ ಸೇಬರ್‌ನ ಮಾಸ್ಕಿಗೆ ಇನ್ನೊಂದು ಹೊಣೆಯಿದೆ. ಆ ಆಟದಲ್ಲಿ ತಲೆಯೂ ಗುರಿಯೇ ಆದ್ದರಿಂದ ಜಾಲರಿಯಲ್ಲಿ ವಿದ್ಯುತ್ ಹರಿಯಬೇಕು. ಕ್ಲಿಪ್ ಸಿಕ್ಕಿಸುವ ಜಾಗದಿಂದ ಮಾಸ್ಕಿನ ಯಾವುದೇ ಬಿಂದುವಿಗೆ ರೋಧ 5 ಓಮ್‌ಗಿಂತ ಕಡಿಮೆ ಇರಬೇಕೆಂಬುದು ನಿಯಮ. ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಮೊದಲ ಫೆನ್ಸರ್ ಭವಾನಿ ದೇವಿಯವರದು ಇದೇ ಸೇಬರ್. ಅವರು ಹುಟ್ಟಿದ ಚೆನ್ನೈ, ಅಭ್ಯಾಸ ಮಾಡಿದ ತಲಶೇರಿ ಎರಡೂ ಕಡಲ ತೀರದ ಊರುಗಳು. ಅಂಥ ಹವೆಯಲ್ಲಿ ಕ್ಲಿಪ್ಪಿನ ಜಾಗದಲ್ಲಿ ತೆಳುವಾಗಿ ಕಟ್ಟುವ ತುಕ್ಕು, ತಲೆಗೆ ಏಟು ತಗುಲಿದರೂ ಅದನ್ನು ತೋರಿಸುವ ದೀಪ ಉರಿಯದಂತೆ ಮಾಡಲು ಸಾಕು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಕ್ಲಿಪ್ಪಿಗಿಟ್ಟು ಇನ್ನೊಂದನ್ನು ಜಾಲರಿಯ ಮೇಲೆ ಆಡಿಸಿದರೆ ಕೊರತೆ ಎಲ್ಲಿದೆಯೆಂದು ಗೊತ್ತಾಗುತ್ತದೆ. ಅಲ್ಲಿ ನಯವಾದ ಉಜ್ಜುಕಾಗದ ಆಡಿಸಿದರೆ ಬಹುತೇಕ ಸರಿಹೋಗುತ್ತದೆ. ಇನ್ನೊಂದು ಪ್ರಕಾರವಾದ ಫಾಯಿಲ್‌ನ ಮಾಸ್ಕಿನಲ್ಲಿ ವಿದ್ಯುತ್ ಹರಿಯಬೇಕಾದದ್ದು ಬಿಬ್ಬಿನ ಕೆಳಭಾಗದಲ್ಲಿ ಮಾತ್ರ. ಅಲ್ಲಿನ ಲೋಹದ ನೂಲು ಬೆವರಿಗೆ ಕಿಲುಬು ಹಿಡಿಯುವುದರಿಂದ ಒದ್ದೆ ಬಿಬ್ಬನ್ನು ಮಡಚಿಡಬಾರದು.

ನೆಗ್ಗಿನ ವಿಷಯದಲ್ಲಿ ಔದಾರ್ಯ ಸಲ್ಲದು. ಜಾಲರಿ ನೆಗ್ಗಿದ ಕಡೆ ತಂತಿಗಳು ಸರಿದು ಕಂಡಿಗಳು ಹಿಗ್ಗಿರುತ್ತವೆ. ಒಳಗಿನಿಂದ ತಟ್ಟಿ ನೇರ ಮಾಡಬಹುದು. ಆದರೆ ಬಾಗಿ ಮತ್ತೆ ನೆಟ್ಟಗಾದ ತಂತಿಗೆ ಮೊದಲಿನ ಕಸುವು ಬರುವುದಿಲ್ಲ. ಪಂದ್ಯಾವಳಿಗಳ ಸಲಕರಣೆ ತಪಾಸಣೆಯಲ್ಲಿ 12 ಕಿಲೋ ಒತ್ತಡದ ಸ್ಪ್ರಿಂಗ್ ಮೊಳೆಯಿಂದ ಜಾಲರಿಯನ್ನು ಚುಚ್ಚಿ ನೋಡುವುದು ಈ ಕಾರಣಕ್ಕೇ. ತಂತಿ ಅಗಲಿ ಮೊಳೆ ಒಳನುಗ್ಗಿದರೆ ಆ ಮಾಸ್ಕ್ ಅಲ್ಲಿಗೆ ಮುಗಿಯಿತು. ತನ್ನ ಮಾಸ್ಕ್ ಅಲ್ಲಿ ತಿರಸ್ಕೃತವಾದಾಗ ಆಟಗಾರ ಮುಖ ಗಂಟಿಕ್ಕುವುದು ಸಹಜ. ಆದರೆ 1982ರ ರೋಮ್ ವಿಶ್ವ ಚಾಂಪಿಯನ್‌ಶಿಪ್ ಬಲ್ಲವರು ಆ ಮೊಳೆಯ ಮೇಲೆ ಸಿಟ್ಟಾಗುವುದಿಲ್ಲ. ಅಲ್ಲಿ ಪಶ್ಚಿಮ ಜರ್ಮನಿಯ ಮಥಿಯಾಸ್ ಬೆಹ್ರ್ ಅವರ ಫಾಯಿಲ್ ಕತ್ತಿ ಮುರಿದು, ಅದರ ತುಂಡು ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಅವರ ಮಾಸ್ಕನ್ನು ತೂರಿ ಕಣ್ಣಿನ ಮೂಲಕ ಮೆದುಳಿಗೆ ಹೊಕ್ಕಿತು. 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನದ ಪದಕ ಗೆದ್ದಿದ್ದ ಆ ಆಟಗಾರ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಂದಿನ ಗಟ್ಟಿ ಜಾಲರಿ, ಬೇಗ ಮುರಿಯದ ಮ್ಯಾರೇಜಿಂಗ್ ಉಕ್ಕಿನ ಕತ್ತಿ, ಬಲವಾದ ಬಟ್ಟೆ ಇವೆಲ್ಲ ಕಡ್ಡಾಯವಾಗಲು ಆ ಸಾವು ದೊಡ್ಡ ಕಾರಣ.

ಮಾಸ್ಕಿನ ಹಿಂಬದಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ನಾಲಗೆಯಾಕಾರದ ಸ್ಪ್ರಿಂಗ್ ಪಟ್ಟಿ ಸಡಿಲವಾದಾಗ ಮೊಣಕಾಲಿಗೆ ಒತ್ತಿ ಬಗ್ಗಿಸುವುದು ರೂಢಿ. ಪದೇಪದೇ ಹಾಗೆ ಮಾಡಿದರೆ ಬುಡದಲ್ಲಿ ಬಿರುಕು ಬಿಡುತ್ತದೆ. ವೆಲ್ಕ್ರೋದಲ್ಲಿ ಸಿಕ್ಕಿದ ಕೂದಲು, ದಾರಗಳನ್ನು ಆಗಾಗ ಹೆಕ್ಕದಿದ್ದರೆ ಅದು ಕಚ್ಚುವುದಿಲ್ಲ. ಮಾಸ್ಕ್ ಧರಿಸಿ ತಲೆ ಬಗ್ಗಿಸಿ ಜೋರಾಗಿ ಅಲ್ಲಾಡಿಸಿದಾಗ ಅದು ಜರುಗಿದರೆ ಪಟ್ಟಿ ಬದಲಿಸುವ ಕಾಲ ಬಂದಿದೆ.

ತಪಾಸಣೆಯಲ್ಲಿ ಸೋತ ಮಾಸ್ಕನ್ನು ‘ಕಲಿಯುವ ಮಕ್ಕಳಿಗೆ ಸಾಕು’ ಎಂದು ಕಪಾಟಿಗೆ ಸೇರಿಸುವ ಚಾಳಿ ಕೆಲವೆಡೆ ಇದೆ. ಮುರಿದ ಕತ್ತಿಗೆ ಎದುರಿಗಿರುವವರು ಹೊಸಬರೋ ಹಳಬರೋ ತಿಳಿಯದು. ಅಂಥ ಮಾಸ್ಕಿನ ಬಿಬ್ಬನ್ನು ಕತ್ತರಿಸಿ, ಪಟ್ಟಿ ಕಿತ್ತು, ಮತ್ತಾರೂ ತಲೆಗೆ ಹಾಕಿಕೊಳ್ಳಲಾಗದಂತೆ ಮಾಡಿಯೇ ಗುಜರಿಗೆ ಕೊಡಬೇಕು.