ಕೈ ಮೊದಲು ಪಳಗಲಿ

ವಿಕೆಟ್ ಕೀಪಿಂಗ್ ಶುರು ಮಾಡಿ ಇನ್ನೂ ತಿಂಗಳಾಗಿಲ್ಲ, ಆಗಲೇ ದುಬಾರಿ ಗ್ಲೌಸ್ ಬೇಕು ಅಂತ ಅಪ್ಪನ ಬೆನ್ನು ಹತ್ತಿದ್ದೀಯಂತೆ. ನಿನ್ನ ಕಣ್ಣು ಚುರುಕು, ಮೈಯಲ್ಲಿ ಕಸುವಿದೆ. ಆದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಮಗೂ. ಸ್ವಲ್ಪ ಮೊಬೈಲ್ ಪಕ್ಕಕ್ಕಿಡು, ಬಿಡ್ ಮ್ಯಾಕ್‌ಫೀ ಎಂಬವನ ವಿಷಯ ಹೇಳುತ್ತೇನೆ.

ಅಮೆರಿಕದಲ್ಲಿ ಬೇಸ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳುವುದು ಇನ್ನೂ ಹೊಸತಾಗಿದ್ದ ಕಾಲ. ಮ್ಯಾಕ್‌ಫೀ ಒಮ್ಮೆ ಆಟವನ್ನೇ ಬಿಟ್ಟು ಲೆಕ್ಕ ಬರೆಯಲು ಕೂತಿದ್ದ. 1882ರಲ್ಲಿ ಸಿನ್ಸಿನಾಟಿ ತಂಡಕ್ಕೆ ಬಂದವನು 1899ರವರೆಗೂ ಅಲ್ಲೇ ಎರಡನೇ ಬೇಸ್ ಕಾದ. ಅದೆಲ್ಲ ನಿಷ್ಠೆಯೇ ಅಂದುಕೊಳ್ಳಬೇಡ. ಆಟಗಾರರನ್ನು ತಂಡಕ್ಕೆ ಕಟ್ಟಿಹಾಕುವ ಕರಾರನ್ನು ಮಾಲೀಕರು 1879ರಲ್ಲೇ ಶುರು ಮಾಡಿದ್ದರು. ಬೇರೆಡೆ ಹೋಗುತ್ತೇನೆಂದರೆ ಬಿಡುತ್ತಿರಲಿಲ್ಲ.

ಈಗ ಕೈಯ ವಿಷಯ ಕೇಳು. ಚೆಂಡು ನೆಲಕ್ಕೆ ಬಡಿದು ಎತ್ತೆತ್ತಲೋ ಪುಟಿಯುತ್ತದೆ. ಹಿಡಿದ ಕ್ಷಣವೇ ಮೊದಲನೇ ಬೇಸ್‌ಗೆ ಎಸೆಯಬೇಕು. ಅಷ್ಟರಲ್ಲಿ ಎದುರಿನವನು ಓಡಿ ಬಂದು ಮೈಮೇಲೇ ಬಿದ್ದರೂ ಬಿದ್ದ. ಇಷ್ಟೆಲ್ಲ ಬರಿಗೈಯಲ್ಲಿ! 1875ರಲ್ಲಿ ಚಾರ್ಲಿ ವೇಟ್ ಎಂಬ ಆಟಗಾರ ಗ್ಲೌಸ್ ಹಾಕಿದಾಗ, ಜನ ಆಡಿಕೊಂಡಾರು ಅಂತ ಮೈಬಣ್ಣದ್ದನ್ನೇ ಆರಿಸಿಕೊಂಡಿದ್ದ. ಮುಂದೆ ಒಬ್ಬೊಬ್ಬರಾಗಿ ಎಲ್ಲರೂ ಹಾಕಿಕೊಂಡರು. ಮ್ಯಾಕ್‌ಫೀ ಮಾತ್ರ ಉಪ್ಪುನೀರಲ್ಲಿ ಕೈ ನೆನೆಸಿ ನೆನೆಸಿ ಅಂಗೈ ಗಟ್ಟಿ ಮಾಡಿಕೊಂಡ. ಅವನ ಲೀಗಿನ ಮೈದಾನಗಳಲ್ಲಿ ಬಿಯರ್ ಧಾರಾಳವಾಗಿ ಮಾರುತ್ತಿದ್ದರು, ಕುಡಿದು ಕೆಟ್ಟ ಆಟಗಾರರೂ ಬೇಕಾದಷ್ಟಿದ್ದರು. ಇವನು ಹದ ತಪ್ಪಲಿಲ್ಲ.

ನನಗೆ ಇವನು ಹಿಡಿಸಿದ್ದು ಮಾತ್ರ ಬೇರೆಯದಕ್ಕೇ. 1896ರಲ್ಲಿ ಬೆರಳಿಗೆ ಪೆಟ್ಟಾಗಿತ್ತು, ವಯಸ್ಸು 36. ಸುಮ್ಮನೆ ಗ್ಲೌಸ್ ಹಾಕಿಕೊಂಡ! ನೀನಾಗಿದ್ದರೆ, ಇಷ್ಟು ವರ್ಷ ಇಲ್ಲದ್ದು ಈಗೇಕೆ ಅಂತ ಮೂತಿ ಬಿಗಿದು ಕೂರುತ್ತಿದ್ದೆ; ನಿನ್ನ ಹಟ ನನಗೆ ಗೊತ್ತಿಲ್ಲವೇ? ಆ ವರ್ಷ ಅವನ ಫೀಲ್ಡಿಂಗ್ ಸರಾಸರಿ ಸಾವಿರಕ್ಕೆ 978. ಎರಡನೇ ಬೇಸ್ ಕಾಯುವವರಲ್ಲಿ ಆ ದಾಖಲೆ 1919ರವರೆಗೂ ನಿಂತಿತ್ತು. ಪಳಗಿದ ಕೈಗೆ ಸಿಕ್ಕಿದ್ದಕ್ಕೇ ಗ್ಲೌಸಿಗೂ ಬೆಲೆ ಬಂತು.

ಅವನು ತೀರಿಕೊಂಡಿದ್ದು 1943ರಲ್ಲಿ, ಹಾಲ್ ಆಫ್ ಫೇಮ್‌ಗೆ ಹೆಸರು ಸೇರಿದ್ದು 2000ದಲ್ಲಿ. ನಿನಗೋ, ಶನಿವಾರ ಆಡಿದರೆ ಭಾನುವಾರವೇ ಚಪ್ಪಾಳೆ ಬೇಕು.

ನಾಳೆಯಿಂದ ಸಂಜೆ ಹಿತ್ತಲ ಗೋಡೆಗೆ ಟೆನಿಸ್ ಚೆಂಡು ಹೊಡೆದು ಬರಿಗೈಯಲ್ಲಿ ಹಿಡಿ. ಬೇಜಾರಾಗುತ್ತದೆ, ಆಗಲಿ, ಬಿಡಬೇಡ. ಬೆರಳು ಊದಿದರೆ ಮಾತ್ರ ಮುಚ್ಚಿಡದೆ ಆಗಲೇ ಬಂದು ತೋರಿಸು.